ನನ್ನ ದ್ವೀಪಕ್ಕೆ ಕೆಂಪು ಬಸ್ಸು ಹೋಗುತ್ತದೆ

“ಕ್ಯಾಂಪ್ ಮುಗಿಸ್ಕೊಂಡು ದ್ವೀಪಕ್ಕೆ ಹೋಗಿದ್ದೆಯಂತೆ? ಅಂಡಮಾನಾ?”

ಸೋಮವಾರದ ಸಂತೆಯಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಯಾರಾದರೊಬ್ಬರು ಇದನ್ನು ಕೇಳೇ ಕೇಳುತ್ತಾರೆ. ಅಮ್ಮ ಯಾರ ಹತ್ತಿರವೋ “ಅವಳು ದ್ವೀಪಕ್ಕೆ ಹೋಗಿದ್ದಾಳೆ” ಅಂದಿದ್ದು ಇಡೀ ಸೋಮವಾರಪೇಟೆ ಸುತ್ತಿ ಬಂದಿದೆ. ನಾನು “ಇಲ್ಲೇ, ಕುಶಾಲನಗರದ ಹತ್ತಿರದ ನಿಸರ್ಗಧಾಮ” ಅನ್ನುತ್ತೇನೆ. ಕೇಳಿದವರ ಮುಖ ಸಪ್ಪಗಾಗುತ್ತದೆ. “ಅಯ್ಯೋ, ಅದಾ? ನಾಲ್ಕನೇ ಕ್ಲಾಸಲ್ಲಿ ಟೂರ್ ಹೋಗಿದ್ವಲ್ಲ!” ಆಮೇಲೆ ನಿಜವಾದ ಪ್ರಶ್ನೆ ಬರುತ್ತದೆ. ಕೊಡಗಲ್ಲೇ ಹುಟ್ಟಿದವಳು, ಕೊಡಗಲ್ಲೇ ಕ್ಯಾಂಪ್ ಮಾಡಿ, ರಜೆಗೂ ಕೊಡಗಲ್ಲೇ ಹೋಗಿ ಕೂರ್ತೀಯಲ್ಲ, ಏನಿದೆ ಅಲ್ಲಿ?

ಪ್ರತಿ ಸಲ ಏನೋ ಒಂದು ಹೇಳಿ ಜಾರಿಕೊಳ್ಳುತ್ತಿದ್ದೆ. ಈ ಸಲ ಕೂತು ಬರೆಯುತ್ತಿದ್ದೇನೆ.

ಮೊದಲು ಕ್ಯಾಂಪ್ ಅಂದರೆ ಏನು ಅಂತ ಹೇಳಬೇಕು. ಮಡಿಕೇರಿ ಹತ್ತಿರ ಒಂದು ತೋಟದ ಹೋಂಸ್ಟೇಯಲ್ಲಿ ವರ್ಷಕ್ಕೊಮ್ಮೆ, ಫೆಬ್ರವರಿಯಲ್ಲಿ, ಐದು ದಿನ ಜಲವರ್ಣ ಕಲಿಸುತ್ತೇನೆ. ಹನ್ನೆರಡು ಜನ ಬರುತ್ತಾರೆ. ಹೆಚ್ಚಿನವರು ಬೆಂಗಳೂರಿನವರು, ಕಂಪ್ಯೂಟರ್ ಮುಂದೆ ಕೂತು ಬೆನ್ನು ನೋಯಿಸಿಕೊಂಡವರು. ಒಳ್ಳೆಯ ಜನ. ಆದರೆ ಮೊದಲ ದಿನ ಎಲ್ಲರೂ ಬೆಟ್ಟಕ್ಕೆ ಬೆನ್ನು ಹಾಕಿ ಕೂತು ಮೊಬೈಲಿನಲ್ಲಿರುವ ಬೆಟ್ಟದ ಫೋಟೋ ನೋಡಿಕೊಂಡು ಚಿತ್ರ ಬರೆಯುತ್ತಾರೆ! ಆಗ ನಾನು ರುಮಾಲೆ ಚನ್ನಬಸವಯ್ಯನವರ ವಿಷಯ ತೆಗೆಯುತ್ತೇನೆ. ಬೆಂಗಳೂರಿನ ಹೂವಿನ ಮರಗಳನ್ನು ಮರದ ಎದುರಿಗೇ ನಿಂತು ಬರೆದವರು ಅವರು. “ನಿಮ್ಮೂರಿನವರೇ” ಅಂದರೆ ಸ್ವಲ್ಪ ನಾಚಿಕೆಯಾಗಿ ಕುರ್ಚಿ ತಿರುಗಿಸುತ್ತಾರೆ.

ಎರಡನೇ ದಿನದಿಂದ ಹಸಿರಿನ ಗೋಳು. ಟ್ಯೂಬಿನಿಂದ ಸ್ಯಾಪ್ ಗ್ರೀನ್ ಹಿಂಡಿ, ನೇರ ಹಾಳೆಗೆ ಬಳಿದು, “ಮೇಡಂ, ಪ್ಲಾಸ್ಟಿಕ್ ಗಿಡದ ಥರ ಕಾಣ್ತಿದೆ” ಅನ್ನುತ್ತಾರೆ. ಕಾಣದೆ ಇನ್ನೇನು. ಕಾಫಿ ಎಲೆಯ ಹಸಿರು ಕಪ್ಪಿಗೆ ಹತ್ತಿರ, ಮೇಲೆ ಎಣ್ಣೆ ಸವರಿದ ಹಾಗೆ ಹೊಳಪು. ಸಿಲ್ವರ್ ಓಕ್ ಗಾಳಿಗೆ ತಿರುಗಿದರೆ ಎಲೆಯ ಅಡಿಭಾಗ ಬೂದಿ ಬಣ್ಣ. ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿಯದು ಮತ್ತೊಂದು ಹಸಿರು. ಇಷ್ಟನ್ನೂ ಒಂದು ಟ್ಯೂಬಿನಲ್ಲಿ ತುಂಬಿ ಯಾರೂ ಮಾರುವುದಿಲ್ಲ. ಅಲ್ಟ್ರಾಮರೀನ್ ನೀಲಿಗೆ ಹಳದಿ ಬೆರೆಸಿ, ಒಂದು ಚಿಟಿಕೆ ಬರ್ನ್ಟ್ ಸಿಯೆನ್ನಾ ತಾಗಿಸಿ ಅಂತ ಹೇಳುತ್ತೇನೆ. ಆ ಕಂದು ಬಣ್ಣ ಬಿದ್ದ ಮೇಲೆಯೇ ಹಸಿರಿಗೆ ಮಣ್ಣಿನ ವಾಸನೆ ಬರುವುದು. ಇದನ್ನು ಐದು ದಿನದಲ್ಲಿ ಅರವತ್ತು ಸಲ ಹೇಳಿರುತ್ತೇನೆ. ಹೇಳಲು ಬೇಜಾರಿಲ್ಲ, ಅದು ನನ್ನ ಕೆಲಸ.

ತೊಂದರೆ ಬೇರೆ. ನಾಲ್ಕನೇ ದಿನದ ಹೊತ್ತಿಗೆ ನನ್ನ ಕಣ್ಣು ನನ್ನದಾಗಿ ಉಳಿದಿರುವುದಿಲ್ಲ. ಮರ ನೋಡಿದರೆ ಮರ ಕಾಣುವುದಿಲ್ಲ, ಇದನ್ನು ಬರೆಯುವಾಗ ಯಾರು ಎಲ್ಲಿ ಎಡವುತ್ತಾರೆ ಅನ್ನುವುದು ಕಾಣುತ್ತದೆ. ಕೊಂಬೆಯಲ್ಲಿ ತಪ್ಪು, ನೆರಳಲ್ಲಿ ತಪ್ಪು, ಆಕಾಶದ ಅಂಚಿನಲ್ಲಿ ತಪ್ಪು. ಕ್ಯಾಂಪ್ ಮುಗಿದ ಸಂಜೆ ಎಲ್ಲರೂ ಗ್ರೂಪ್ ಫೋಟೋ ತೆಗೆಸಿಕೊಳ್ಳುವಾಗಲೂ ನಾನು ಹಿಂದಿನ ಗುಡ್ಡವನ್ನು ಮನಸ್ಸಲ್ಲೇ ತಿದ್ದುತ್ತಿರುತ್ತೇನೆ.

ಹಾಗಾದರೆ ಮನೆಗೆ ಹೋಗಿ ಮಲಗಬಹುದಲ್ವಾ? ಫೆಬ್ರವರಿಯಲ್ಲಿ ಕಾಫಿ ಬೆಳೆಯುವವರ ಮನೆಗೆ ಯಾರಾದರೂ ಮಲಗಲು ಹೋಗುತ್ತಾರಾ? ರೊಬಸ್ಟಾ ಕೊಯ್ಲಿನ ಸಮಯ. ನಮ್ಮದು ಎರಡೇ ಎಕರೆ, ಆದರೂ ಕಣದಲ್ಲಿ ಹಣ್ಣು ಹರಡಿರುತ್ತದೆ, ಅದನ್ನು ಕೈಯಾಡಿಸಬೇಕು, ಸಂಜೆ ರಾಶಿ ಮಾಡಿ ಟಾರ್ಪಾಲು ಮುಚ್ಚಬೇಕು. ಬ್ಯಾಗು ಇಳಿಸುವ ಮೊದಲೇ ಅಮ್ಮ ತಕ್ಕಡಿ ಹತ್ತಿರ ನಿಲ್ಲಿಸುತ್ತಾಳೆ. ಅದಕ್ಕೇ ಕ್ಯಾಂಪ್ ಮತ್ತು ಮನೆಯ ನಡುವೆ ಎರಡು ದಿನ ಕದಿಯುತ್ತೇನೆ.

ದ್ವೀಪದ ಹುಚ್ಚು ಶುರುವಾಗಿದ್ದು ಮಾತ್ರ ದುಡ್ಡಿಲ್ಲದ್ದಕ್ಕೆ. ಕೆಲವು ವರ್ಷದ ಹಿಂದೆ ಬೇರೆ ಒಬ್ಬರಿಗೆ ಕ್ಯಾಂಪ್ ಮಾಡಿಕೊಟ್ಟಿದ್ದೆ. ಮುಗಿದ ಮರುದಿನವೇ ಗೆಳತಿಯ ಜೊತೆ ಮಲ್ಪೆಗೆ ಹೋಗಿ, ಅಲ್ಲಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪ ನೋಡುವುದು ಅಂತ ಪ್ಲಾನು. ಲಾವಾ ತಣ್ಣಗಾಗಿ ಕಂಬ ಕಂಬವಾಗಿ ನಿಂತಿರುವ ಆ ಬಂಡೆಗಳನ್ನು ಬರೆಯಬೇಕು ಅಂತ ಬಹಳ ದಿನದ ಆಸೆ. ಕ್ಯಾಂಪ್ ನಡೆಸಿದವರು ಕೊನೆಯ ದಿನ ತುಂಬಾ ಪ್ರೀತಿಯಿಂದ ಕೈ ಕುಲುಕಿ, ಒಂದು ಶಾಲು ಹೊದಿಸಿ, “ಪೇಮೆಂಟ್ ಮುಂದಿನ ವಾರ ಹಾಕ್ತೀವಿ” ಅಂದರು. ಆ ವಾರ ಬಂದಿದ್ದು ಮೂರು ತಿಂಗಳಿಗೆ. ಪರ್ಸಿನಲ್ಲಿ ಎರಡು ಸಾವಿರ ಚಿಲ್ಲರೆ ಇತ್ತು. ಗೆಳತಿಗೆ ಫೋನ್ ಮಾಡಿ ಏನೋ ಸುಳ್ಳು ಹೇಳಿದೆ. ಮಡಿಕೇರಿಯಿಂದ ಕುಶಾಲನಗರದ ಬಸ್ಸು ಹತ್ತಿದೆ. ಸುಂಟಿಕೊಪ್ಪ ದಾಟಿ ಇಳಿಜಾರು ಮುಗಿದು ಸೆಕೆ ಶುರುವಾಯಿತು. ಹೆದ್ದಾರಿ ಬದಿಯಲ್ಲಿ “ಕಾವೇರಿ ನಿಸರ್ಗಧಾಮ” ಅನ್ನುವ ಬೋರ್ಡು ಕಂಡಿತು. ಇದೂ ದ್ವೀಪವೇ ಅಲ್ವಾ ಅಂತ ಹೊಳೆಯಿತು. “ಅಣ್ಣ, ಇಲ್ಲೇ ಸ್ವಲ್ಪ ನಿಲ್ಸಿ” ಅಂದೆ. ಕಂಡಕ್ಟರ್ ಗೊಣಗಿಕೊಂಡೇ ಸೀಟಿ ಊದಿದರು.

ನಿಜಕ್ಕೂ ದ್ವೀಪವೇ. ಕಾವೇರಿ ಇಲ್ಲಿ ಕವಲಾಗಿ, ನಡುವೆ ಸುಮಾರು 64 ಎಕರೆ ನೆಲ ಬಿಟ್ಟು, ಮತ್ತೆ ಒಂದಾಗುತ್ತದೆ. ನೋಡಿಕೊಳ್ಳುವುದು ಅರಣ್ಯ ಇಲಾಖೆ. ಒಳಗೆ ಹೋಗಲು ಒಂದು ತೂಗುಸೇತುವೆ. ಎದುರಿನಿಂದ ಶಾಲೆ ಮಕ್ಕಳು ಬಂದರೆ ಮುಗಿಯಿತು, ಬೇಕೆಂದೇ ಕುಣಿಯುತ್ತಾರೆ, ಸೇತುವೆ ಎಡಕ್ಕೂ ಬಲಕ್ಕೂ ಓಲಾಡುತ್ತದೆ. ನಾನು ಬಣ್ಣದ ಪೆಟ್ಟಿಗೆಯನ್ನು ಮಗುವಿನ ಹಾಗೆ ಎದೆಗೆ ಒತ್ತಿಕೊಂಡು ದಾಟುತ್ತೇನೆ. ಒಳಗೆ ಜಿಂಕೆ, ಮೊಲ, ಮಕ್ಕಳ ಜಾರುಬಂಡೆ, ಎಲ್ಲ ಇದೆ. ಜನ ಅಲ್ಲೇ ನಿಲ್ಲುತ್ತಾರೆ. ನಾನು ಅದೆಲ್ಲ ದಾಟಿ ಬಿದಿರು ಮೆಳೆಗಳ ಕಡೆ ಹೋಗುತ್ತೇನೆ.

ಬಿದಿರಿನ ಕೆಳಗೆ ಕೂತವರಿಗೆ ಮೊದಲು ಗೊತ್ತಾಗುವುದು ಸದ್ದು. ಗಾಳಿ ಬಂದರೆ ಗಳುಗಳು ಒಂದಕ್ಕೊಂದು ಉಜ್ಜಿ ಹಳೇ ಬಾಗಿಲಿನ ಹಾಗೆ ಕಿರ್ರ್ ಅನ್ನುತ್ತವೆ. ಗಾಳಿ ನಿಂತರೆ ಗೆಣ್ಣಿನ ಸುತ್ತ ಒಣಗಿದ ಸಿಪ್ಪೆ ಕಳಚಿ ಬೀಳುವುದೂ ಕೇಳುತ್ತದೆ. ಆಮೇಲೆ ಬೆಳಕು. ಎಲೆಗಳ ಸಂದಿಯಿಂದ ನೆಲಕ್ಕೆ ಬೀಳುವ ಬಿಸಿಲು ಎಲೆಯ ಆಕಾರದಲ್ಲಿ ಇರುವುದಿಲ್ಲ, ಸಂದಿಯ ಆಕಾರದಲ್ಲೂ ಇರುವುದಿಲ್ಲ. ನಾಣ್ಯದ ಹಾಗೆ ಗುಂಡಗಿರುತ್ತದೆ. ಯಾಕೆಂದರೆ ಆ ಒಂದೊಂದು ಬಿಲ್ಲೆಯೂ ಸೂರ್ಯನ ಚಿತ್ರ. ಸಣ್ಣ ತೂತಿನಿಂದ ಬೆಳಕು ಒಳಗೆ ಬಂದರೆ ಎದುರು ಗೋಡೆಯ ಮೇಲೆ ಹೊರಗಿನ ಚಿತ್ರ ಮೂಡುತ್ತದಲ್ಲ, ಅದೇ ಆಟ. 2019ರ ಡಿಸೆಂಬರ್ 26ರಂದು ಕಂಕಣ ಸೂರ್ಯಗ್ರಹಣ ಆದಾಗ ಎಲ್ಲರೂ ಅದು ಚೆನ್ನಾಗಿ ಕಾಣುವ ದಕ್ಷಿಣ ಕೊಡಗಿನ ಕುಟ್ಟದ ಕಡೆ ಓಡಿದರು. ನಾನು ನಮ್ಮ ಅಂಗಳದ ಹಲಸಿನ ಮರದ ಕೆಳಗೆ ನೆಲ ನೋಡುತ್ತಾ ಕೂತಿದ್ದೆ. ನೋಡುತ್ತಿದ್ದ ಹಾಗೆ ಬಿಲ್ಲೆಗಳೆಲ್ಲ ಕುಡುಗೋಲುಗಳಾದವು. ನೂರಾರು ಪುಟ್ಟ ಕುಡುಗೋಲು, ಎಲ್ಲವೂ ಒಂದೇ ಕಡೆ ಬಾಗಿದವು. ಅವತ್ತಿನಿಂದ ನನಗೆ ಮರಕ್ಕಿಂತ ಮರದ ಕೆಳಗಿನ ನೆಲ ಜಾಸ್ತಿ ಇಷ್ಟ.

ಜಲವರ್ಣದಲ್ಲಿ ಆ ಬಿಲ್ಲೆಗಳನ್ನು ಬರೆಯಲು ಬರುವುದಿಲ್ಲ, ಬಿಡಬೇಕು. ಬಿಳಿ ಅಂದರೆ ಹಾಳೆಯೇ. ಸುತ್ತ ನೆರಳು ಹಚ್ಚುತ್ತಾ ಗುಂಡನೆ ಜಾಗ ಉಳಿಸುತ್ತಾ ಹೋಗಬೇಕು. ನೆರಳೂ ಕಪ್ಪಲ್ಲ. ತರಗೆಲೆ ಹಾಸಿದ ನೆಲದ ಮೇಲೆ ಅದು ನೇರಳೆ, ನೀರಿನ ಹತ್ತಿರ ನೀಲಿ. ಎರಡು ದಿನ ಪೂರ್ತಿ ಇದೊಂದನ್ನೇ ಮಾಡುತ್ತೇನೆ. ಎಷ್ಟೋ ಸಲ ಅರ್ಧಕ್ಕೆ ನಿಲ್ಲಿಸಿ ಸುಮ್ನೆ ಕೂರುತ್ತೇನೆ. “ಮೇಡಂ, ಇದು ಸರಿ ಇದೆಯಾ?” ಅಂತ ಯಾರೂ ಕೇಳುವುದಿಲ್ಲ. ಎಲ್ಲಿಗೆ ಹೊರಟರೂ ಸ್ವಲ್ಪ ದೂರದಲ್ಲಿ ನೀರು ಅಡ್ಡ ಬರುತ್ತದೆ, ಹಾಗಾಗಿ ಇನ್ನೂ ಒಳ್ಳೆಯ ಜಾಗ ಹುಡುಕುವ ಚಟಕ್ಕೂ ಅಲ್ಲಿ ಅವಕಾಶವಿಲ್ಲ. ನನಗೆ ದ್ವೀಪವೇ ಯಾಕೆ ಬೇಕು ಅಂದರೆ ಇದಕ್ಕೆ. ಬೆಟ್ಟದಲ್ಲಾದರೆ ಇನ್ನೊಂದು ತಿರುವು, ಇನ್ನೊಂದು ವ್ಯೂ ಪಾಯಿಂಟು ಅಂತ ನಡೆದೇ ದಿನ ಮುಗಿಯುತ್ತದೆ.

ಹಾಳೆಯ ಗುಟ್ಟೂ ಹೇಳಿಬಿಡುತ್ತೇನೆ. ಒಳ್ಳೆಯ ಕಾಟನ್ ಪೇಪರ್, 300 ಜಿಎಸ್‌ಎಂನದು (ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಹಾಳೆ), ಬೆಲೆ ಕೇಳಿದರೆ ಎದೆ ಝಲ್ ಅನ್ನುತ್ತದೆ. ಅದಕ್ಕೆ ಕ್ಯಾಂಪಿನಲ್ಲಿ ಡೆಮೊ ಮಾಡುವಾಗ ಕೆಟ್ಟುಹೋದ ಹಾಳೆಗಳನ್ನು ಎಸೆಯುವುದಿಲ್ಲ. ಅವುಗಳ ಹಿಂಭಾಗವೇ ನನ್ನ ರಜೆಯ ಹಾಳೆ. ಮುಂದೆ ಪಾಠ, ಹಿಂದೆ ಬಿದಿರು. ಹೇಗೂ ಒಮ್ಮೆ ಕೆಟ್ಟ ಹಾಳೆ ಅಂತ ಕೈ ಹೆದರುವುದಿಲ್ಲ. ಹಿಂದಿನ ಮೂರು ವರ್ಷದಲ್ಲಿ ನನಗೇ ಇಷ್ಟವಾದ ನಾಲ್ಕು ಚಿತ್ರಗಳಿವೆ, ನಾಲ್ಕೂ ಹಿಂಭಾಗದವು. ಫ್ರೇಮ್ ಹಾಕುವವರು ಯಾವ ಕಡೆ ಮುಂದೆ ಬರಬೇಕು ಅಂತ ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಳ್ಳುತ್ತಾರೆ.

ಈಗ ದುಡ್ಡಿನ ಮಾತು. ಹುಡುಗಿಯರು ಮೆಸೇಜಿನಲ್ಲಿ ಕೇಳುವುದು ಇದನ್ನೇ. ಬಸ್ಸಿಗೆ ಖರ್ಚಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ. ಕರ್ನಾಟಕದ ವಿಳಾಸ ಇರುವ ಆಧಾರ್ ತೋರಿಸಿದರೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಹೆಂಗಸರಿಗೆ ಶೂನ್ಯ ಟಿಕೆಟ್. ಕೊಡಗಿನಲ್ಲಿ ರೈಲಂತೂ ಇಲ್ಲ, ಯಾರೇ ಬಂದರೂ ರಸ್ತೆಯೇ ಗತಿ. ಮೈಸೂರಿನಿಂದ ಕುಶಾಲನಗರಕ್ಕೆ ಸುಮಾರು 85 ಕಿಲೋಮೀಟರ್. ನಾನು ದ್ವೀಪದೊಳಗೆ ರಾತ್ರಿ ಉಳಿಯುವುದಿಲ್ಲ, ಕುಶಾಲನಗರದ ಪೇಟೆಯಲ್ಲಿ ಒಂದು ಸಾದಾ ಲಾಡ್ಜ್. ಕಳೆದ ಸಲದ ಲೆಕ್ಕ ಡೈರಿಯಲ್ಲಿದೆ: ಎರಡು ರಾತ್ರಿಗೆ ರೂಮು 1,400, ಊಟ ತಿಂಡಿ 520, ಪ್ರವೇಶ ಟಿಕೆಟ್, ಆಟೋ, ಟೀ ಎಲ್ಲ ಸೇರಿ 220. ಒಟ್ಟು 2,140 ರೂಪಾಯಿ. ಮೊದಲ ದಿನದ ಬುತ್ತಿ ಇದರಲ್ಲಿ ಸೇರಿಲ್ಲ. ಕ್ಯಾಂಪಿನಲ್ಲಿ ಅಡುಗೆ ಮಾಡುವ ಅಕ್ಕ ಹೊರಡುವಾಗ ಬಾಳೆಲೆಯಲ್ಲಿ ಅಕ್ಕಿ ಒಟ್ಟಿ (ಅಕ್ಕಿ ರೊಟ್ಟಿ), ಎಳ್ಳು ಪಜ್ಜಿ (ಎಳ್ಳಿನ ಚಟ್ನಿ) ಕಟ್ಟಿಕೊಡುತ್ತಾರೆ. ಎರಡನೇ ದಿನ ಸಂಜೆ ಕುಶಾಲನಗರದ ಕಾವೇರಿ ಸೇತುವೆ ದಾಟಿ ಕೊಪ್ಪದ ಕಡೆ ಹೋಗುತ್ತೇನೆ. ಹೊಳೆ ದಾಟಿದರೆ ಮೈಸೂರು ಜಿಲ್ಲೆ. ಟಿಬೆಟಿನವರು ನೆಲೆಸಿರುವ ಬೈಲಕುಪ್ಪೆಯಲ್ಲಿ ಒಂದು ಬಟ್ಟಲು ಬಿಸಿ ತುಕ್ಪಾ (ಅವರ ನೂಡಲ್ಸ್ ಸೂಪು) ಕುಡಿದರೆ ರಾತ್ರಿ ಊಟದ ಖರ್ಚು ಉಳಿಯುತ್ತದೆ. ಅಲ್ಲಿನ ಚಿನ್ನದ ದೇವಸ್ಥಾನದ ಗೋಡೆಯ ಚಿತ್ರಗಳ ಮುಂದೆ ಅರ್ಧ ಗಂಟೆ ಕೂತರೆ ದುಡ್ಡೂ ಬೇಡ. ಟಿಬೆಟಿನವರು ಬಟ್ಟೆಯ ಮೇಲೆ ಬರೆಯುವ ತಂಕಾ ಚಿತ್ರದಲ್ಲಿ ಬುದ್ಧನ ಕಣ್ಣು, ಮೂಗು, ಭುಜ ಎಲ್ಲಕ್ಕೂ ಗೆರೆ ಹಾಕಿ ಅಳತೆ ಇಡುತ್ತಾರೆ. ಐದು ದಿನ “ಅಳತೆ ಬಿಡಿ, ಕಣ್ಣು ನಂಬಿ” ಅಂತ ಕಲಿಸಿ ಬಂದವಳಿಗೆ ಅದರ ಮುಂದೆ ಕೂತಾಗ ಸ್ವಲ್ಪ ಮುಜುಗರವೂ ಆಗುತ್ತದೆ.

ತೊಂದರೆಗಳೂ ಇವೆ, ಮುಚ್ಚಿಡುವುದಿಲ್ಲ. ಭಾನುವಾರ ಮತ್ತು ರಜಾ ದಿನ ಆ ಕಡೆ ತಲೆ ಹಾಕಬೇಡಿ, ಸಂತೆಗಿಂತ ಗದ್ದಲ. ಬಿದಿರಿನ ಗಳುಗಳ ಮೇಲೆ ಚಾಕುವಿನಿಂದ ಹೆಸರು ಕೆತ್ತಿದ್ದು ನೋಡಿದರೆ ಮೈ ಉರಿಯುತ್ತದೆ. ನೀರು ಸೌಮ್ಯವಾಗಿ ಕಂಡರೂ ಇಳಿಯಬೇಡಿ, ಬಂಡೆಗಳ ನಡುವೆ ಗುಂಡಿ, ಸುಳಿ ಇವೆ, ಜನ ಜೀವ ಕಳೆದುಕೊಂಡಿದ್ದಾರೆ. ಮಳೆಗಾಲದಲ್ಲಿ ಹೊಳೆ ತುಂಬಿದರೆ ಒಳಗೆ ಬಿಡುವುದಿಲ್ಲ. 2018 ಮತ್ತು 2019ರ ಆಗಸ್ಟ್‌ನಲ್ಲಿ ಕುಶಾಲನಗರದ ಬಡಾವಣೆಗಳಿಗೇ ಕಾವೇರಿ ನುಗ್ಗಿತ್ತು, ಇನ್ನು ನಡುಗಡ್ಡೆಯ ಕಥೆ ಕೇಳಬೇಕೇ. ಮತ್ತೆ ಮಂಗ. ಪೆನ್ಸಿಲ್ ಗೆರೆ ಅಳಿಸಲು ನನ್ನ ಹತ್ತಿರ ಕಣಕದ ಉಂಡೆಯ ಹಾಗಿರುವ ಮೆತ್ತನೆಯ ರಬ್ಬರ್ ಇದೆ. ಹಿಂದಿನ ವರ್ಷ ಒಂದು ಮಂಗ ಅದನ್ನು ತಿಂಡಿ ಅಂದುಕೊಂಡು ಹೊತ್ತೊಯ್ದು, ಕೊಂಬೆಯ ಮೇಲೆ ಕೂತು ಎಳೆದೆಳೆದು ನೋಡಿ, ಕೊನೆಗೆ ನನ್ನ ಮೇಲೇ ಎಸೆಯಿತು. ಹಲ್ಲಿನ ಗುರುತು ಇನ್ನೂ ಇದೆ.

ಚಿತ್ರ ಬರೆಯುವವರಿಗೆ ಒಂದು ಮಾತು. ಬ್ರಷ್ ತೊಳೆದ ನೀರನ್ನು ಹೊಳೆಗೆ ಚೆಲ್ಲಬೇಡಿ. ಕೆಲವು ಬಣ್ಣಗಳಲ್ಲಿ ಕ್ಯಾಡ್ಮಿಯಂ, ಕೋಬಾಲ್ಟ್ ಇರುತ್ತದೆ. ನಾನು ಎರಡು ಬಾಟಲಿ ಒಯ್ಯುತ್ತೇನೆ, ಒಂದು ಶುದ್ಧ ನೀರಿಗೆ, ಇನ್ನೊಂದು ಕೊಳೆ ನೀರನ್ನು ವಾಪಸ್ ತರಲು. ಹೊರಗೆ ಬರುವಾಗ ಗೇಟಿನಲ್ಲಿ ಒಮ್ಮೆ ಆ ನೇರಳೆ ಬಾಟಲಿ ನೋಡಿ “ಏನಕ್ಕ ಇದು, ವೈನಾ?” ಅಂತ ಕೇಳಿದ್ದರು.

ಮೂರನೇ ದಿನ ಬೆಳಿಗ್ಗೆ ಸೋಮವಾರಪೇಟೆ ಬಸ್ಸು. ಹಾರಂಗಿ ಬಂದು ಕಾವೇರಿಗೆ ಕೂಡುವ ಕೂಡಿಗೆಯಲ್ಲಿ ಕಿಟಕಿಯಿಂದ ನೋಡುತ್ತೇನೆ. ಅಷ್ಟರಲ್ಲಿ ಮರ ಮತ್ತೆ ಮರವಾಗಿ ಕಾಣಲು ಶುರುವಾಗಿರುತ್ತದೆ. ಮನೆ ಮುಟ್ಟಿದರೆ ಕಣದಲ್ಲಿ ಕಾಫಿ, ಕೈಗೆ ತಕ್ಕಡಿ.

ಮುಂದಿನ ಕ್ಯಾಂಪ್ ಮತ್ತೆ ಫೆಬ್ರವರಿಯಲ್ಲಿ. ಮುಗಿದ ಮೇಲೆ ಎರಡು ದಿನ ನನಗೆ ಫೋನ್ ಮಾಡಬೇಡಿ. ಲಾಡ್ಜಿನ ನಂಬರ್ ಅಮ್ಮನ ಹತ್ತಿರ ಇದೆ, ಆದರೆ ಅವಳು ಕೊಡುವುದಿಲ್ಲ. ಕೇಳಿದರೆ “ಅಂಡಮಾನಿಗೆ ಹೋಗಿದ್ದಾಳೆ” ಅನ್ನುತ್ತಾಳೆ.