ಲೆಕ್ಸಸ್ ಆರ್‌ಎಕ್ಸ್: ಹಿಂದಿನ ಚಕ್ರಗಳಿಗೆ ಚಾಲನಾ ದಂಡವಿಲ್ಲದ ಕಾರು
ಸೆಡಾನ್‌ನ ನಯವನ್ನೂ ಎಸ್‌ಯುವಿಯ ಎತ್ತರವನ್ನೂ ಒಂದೇ ಮೈಯಲ್ಲಿ ಕೂಡಿಸುವ ಯೋಚನೆ ಇಂದು ಸಾಮಾನ್ಯವೆನಿಸಿದರೂ, ಟೊಯೋಟಾ ಕಂಪನಿಯು 1997ರಲ್ಲಿ ಜಪಾನಿನಲ್ಲಿ ಹ್ಯಾರಿಯರ್ ಎಂದೂ, ಮರುವರ್ಷ ಅಮೆರಿಕದಲ್ಲಿ ತನ್ನ ಐಷಾರಾಮಿ ಬ್ರ್ಯಾಂಡ್‌ನ ಹೆಸರಿನಲ್ಲಿ ಲೆಕ್ಸಸ್ ಆರ್‌ಎಕ್ಸ್ 300 ಎಂದೂ ಬಿಡುಗಡೆ ಮಾಡಿದ ಕಾರು ಆ ಕಾಲಕ್ಕೆ ನಿಜವಾದ ಸಾಹಸವಾಗಿತ್ತು. ಲಾರಿಯಂಥ ಪ್ರತ್ಯೇಕ ಚಾಸಿಯನ್ನು (ಅಡಿಚೌಕಟ್ಟನ್ನು) ಬಿಟ್ಟು, ಮೈಯೂ ಚೌಕಟ್ಟೂ ಒಂದೇ ಆಗಿರುವ ಕಾರಿನ ಏಕಕಾಯ ರಚನೆಯ ಮೇಲೆಯೇ ಅದನ್ನು ಕಟ್ಟಲಾಗಿತ್ತು. 2003ರಲ್ಲಿ ಎರಡನೆಯ ತಲೆಮಾರು ಬಂದಿತು.

ನನ್ನನ್ನು ಹೆಚ್ಚು ಸೆಳೆದದ್ದು ಎಂಜಿನ್ ಮತ್ತು ವಿದ್ಯುತ್ ಮೋಟರ್ ಎರಡೂ ಇರುವ 2005ರ ಹೈಬ್ರಿಡ್ ಆವೃತ್ತಿಯಾದ ಆರ್‌ಎಕ್ಸ್ 400ಎಚ್. ಇದರ 3.3 ಲೀಟರ್ ವಿ6 ಎಂಜಿನ್‌ನ ಶಕ್ತಿಯನ್ನು ಗ್ರಹೀಯ ಗಿಯರ್ ವ್ಯವಸ್ಥೆಯೊಂದು (ನಡುವಿನ ಗಿಯರಿನ ಸುತ್ತ ಸಣ್ಣ ಗಿಯರುಗಳು ಗ್ರಹಗಳಂತೆ ತಿರುಗುವಂಥದು) ಚಕ್ರಗಳಿಗೂ ಜನರೇಟರ್‌ಗೂ ಹಂಚುತ್ತದೆ. ನಿಕ್ಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿಯ 288 ವೋಲ್ಟ್‌ಗಳನ್ನು ಗರಿಷ್ಠ 650 ವೋಲ್ಟ್‌ಗಳಿಗೆ ಏರಿಸಿ ಮೋಟರಿಗೆ ಒದಗಿಸಲಾಗುತ್ತದೆ. ನಾಲ್ಕು ಚಕ್ರ ಚಾಲನೆಯ ಮಾದರಿಯಲ್ಲಿ ಹಿಂದಿನ ಚಕ್ರಗಳಿಗೆ ಎಂಜಿನ್‌ನಿಂದ ಯಾವ ಚಾಲನಾ ದಂಡವೂ ಹೋಗುವುದಿಲ್ಲ, ಅಲ್ಲಿ ಪ್ರತ್ಯೇಕ ವಿದ್ಯುತ್ ಮೋಟರೇ ಇದೆ. ಈ ಸರಳತೆಯನ್ನು ನಾನು ಎಂಜಿನಿಯರಿಂಗ್‌ನ ಸೌಂದರ್ಯವೆಂದೇ ಭಾವಿಸುತ್ತೇನೆ. ಬ್ರೇಕ್ ಒತ್ತಿದಾಗ ಅದೇ ಮೋಟರು ಜನರೇಟರ್ ಆಗಿ, ಬಿಸಿಯಾಗಿ ನಷ್ಟವಾಗಬೇಕಿದ್ದ ಚಲನಶಕ್ತಿಯ ಒಂದಂಶವನ್ನು ಬ್ಯಾಟರಿಗೆ ಮರಳಿಸುತ್ತದೆ.

2009ರ ಆರ್‌ಎಕ್ಸ್ 450ಎಚ್‌ನಲ್ಲಿ ಇಂಧನ ಉಳಿತಾಯಕ್ಕೆ ಹೊಂದಿಸಿದ ಅಟ್ಕಿನ್ಸನ್ ಆವರ್ತದಲ್ಲಿ ಕೆಲಸ ಮಾಡುವ 3.5 ಲೀಟರ್ ಎಂಜಿನ್ ಬಂದಿತು. 2017ರಲ್ಲಿ ಲೆಕ್ಸಸ್ ಭಾರತಕ್ಕೆ ಕಾಲಿಟ್ಟಾಗ ತಂದ ಕಾರುಗಳಲ್ಲಿ ಅದೇ ಹೆಸರಿನ ಮುಂದಿನ ತಲೆಮಾರಿನ ಮಾದರಿಯೂ ಇತ್ತು.