ಅಡುಗೆ ಬ್ಲಾಗಿನ ವಿಡಿಯೋಗಳು ಗೂಗಲ್ ಕಣ್ಣಿಗೆ ಬೀಳಬೇಕಾದರೆ: ಕೆಲಸದ ದಾಖಲೆ, ಕಂತು 2

ಬ್ಲಾಗ್ ಇರುವುದು ವರ್ಡ್‌ಪ್ರೆಸ್‌ನಲ್ಲಿ, ಪ್ರತಿ ಬರಹದ ನಡುವೆ ಒಂದು ಯೂಟ್ಯೂಬ್ ವಿಡಿಯೋ. ಸೈಟಿನ ಮಾಲೀಕರಿಗೆ ಗೂಗಲ್ ಕೊಡುವ ಸಾಧನ ಸರ್ಚ್ ಕನ್ಸೋಲ್. ವಿಡಿಯೋ ಹುಡುಕಾಟಕ್ಕೆ ಸೇರಿಲ್ಲವೇಕೆ ಎಂಬುದಕ್ಕೆ ಅದರ ವಿಡಿಯೋ ಇಂಡೆಕ್ಸಿಂಗ್ ವರದಿ ಬಹುತೇಕ ಪುಟಗಳಿಗೆ ಕೊಡುವ ಕಾರಣ ಒಂದೇ: ವಿಡಿಯೋ ಈ ಪುಟದ ಮುಖ್ಯ ವಿಷಯವಲ್ಲ. ಇದು ಕೋಡ್‌ನ ದೋಷವಲ್ಲ. ವಿಡಿಯೋವೇ ಮುಖ್ಯವಾಗಿರುವ ಪುಟಗಳಿಗೆ ಮಾತ್ರ ಹುಡುಕಾಟದ ಫಲಿತಾಂಶದಲ್ಲಿ ವಿಡಿಯೋ ಥಂಬ್‌ನೇಲ್ (ಪುಟ್ಟ ಚಿತ್ರ) ತೋರಿಸುವುದೆಂದು ಗೂಗಲ್ 2023ರ ಏಪ್ರಿಲ್‌ನಲ್ಲಿ ತೀರ್ಮಾನಿಸಿತು; ಡಿಸೆಂಬರ್‌ನಲ್ಲಿ ವಿಡಿಯೋ ಟ್ಯಾಬ್‌ಗೂ ಅದೇ ನಿಯಮ ಬಂತು. ಬರಹಕ್ಕೆ ಪೂರಕವಾಗಿ ವಿಡಿಯೋ ಹಾಕಿದ ಬ್ಲಾಗ್ ಪುಟ ಈ ನಿಯಮಕ್ಕೆ ಹೊರಗು. ಅಲ್ಲಿ ಸ್ಕೀಮಾ (ಪುಟದಲ್ಲಿ ಏನಿದೆಯೆಂದು ಗೂಗಲ್‌ಗೆ ತಿಳಿಸುವ ಕೋಡ್) ಎಷ್ಟು ತುರುಕಿದರೂ ವರದಿಯ ಆ ಸಾಲು ಅಳಿಯುವುದಿಲ್ಲ. ಹಳೆಯ ಎಸ್‌ಇಒ (ಹುಡುಕಾಟದಲ್ಲಿ ಮೇಲೆ ಬರುವ ತಂತ್ರ) ಪಾಠಗಳು ಇದನ್ನು ಹೇಳುವುದೇ ಇಲ್ಲ.

ಆದ್ದರಿಂದ ಮೊದಲು ಆಗಿದ್ದು ವಿಂಗಡಣೆ. ಜೋಳದ ರೊಟ್ಟಿ ಬಡಿಯುವುದು, ಹೋಳಿಗೆ ತಟ್ಟುವುದು, ಶಾವಿಗೆ ಒತ್ತುವುದು: ಇವನ್ನು ಹುಡುಕುವವರಿಗೆ ಕೈ ಆಡುವ ರೀತಿ ಕಾಣಬೇಕು. ಇಂಥವಕ್ಕೆ ಪ್ರತ್ಯೇಕ ವೀಕ್ಷಣಾ ಪುಟ, ಅಂದರೆ ವಿಡಿಯೋವೇ ಮುಖ್ಯವಾದ ಪುಟ. ಸಾರು, ಪಲ್ಯ, ಚಟ್ನಿಗಳ ವಿಡಿಯೋ ಇದ್ದಲ್ಲೇ ಇರಲಿ. ಅವುಗಳ ಭಾರ ಇಳಿಸಿದರೆ ಸಾಕು.

ವೀಕ್ಷಣಾ ಪುಟದಲ್ಲಿ ಶೀರ್ಷಿಕೆ, ತಕ್ಷಣ ಪ್ಲೇಯರ್, ಕೆಳಗೆ ಎರಡು ಸಾಲಿನ ವಿವರಣೆ, ಪಾಕವಿಧಾನದ ಪುಟಕ್ಕೆ ಕೊಂಡಿ. ಪ್ಲೇಯರ್‌ನ ಎತ್ತರ 140 ಪಿಕ್ಸೆಲ್ ದಾಟಿರಬೇಕು, ಇಲ್ಲವೇ ಅಗಲ 140 ದಾಟಿ ಪುಟದ ಮೂರನೇ ಒಂದು ಭಾಗವಾದರೂ ಇರಬೇಕು. ಎತ್ತರ 1080 ಮೀರಿದರೂ ತಿರಸ್ಕಾರವೇ: ನಿಲುವಿನ ಶಾರ್ಟ್ಸ್ ವಿಡಿಯೋವನ್ನು ಡೆಸ್ಕ್‌ಟಾಪ್‌ನಲ್ಲಿ ಪೂರ್ತಿ ಅಗಲಕ್ಕೆ ಹಿಗ್ಗಿಸಿದರೆ ಆಗುವುದು ಇದೇ. ಪುಟದ ವಿಳಾಸವನ್ನು ಕನ್ನಡದಲ್ಲೇ ಇಡುವುದಾದರೆ ಒಂದು ಲೆಕ್ಕ ನೆನಪಿರಲಿ. ವಿಳಾಸದ ಕೊನೆಯ ಭಾಗವಾದ ಸ್ಲಗ್‌ಗೆ ವರ್ಡ್‌ಪ್ರೆಸ್‌ನಲ್ಲಿ 200 ಅಕ್ಷರಗಳ ಮಿತಿ ಇದೆ. ಕನ್ನಡದ ಒಂದೊಂದು ಯೂನಿಕೋಡ್ ಚಿಹ್ನೆ ಎನ್‌ಕೋಡ್ ಆದಾಗ (ವಿಳಾಸಕ್ಕೆ ಹೊಂದುವ ಸಂಕೇತವಾಗಿ ಬದಲಾದಾಗ) 9 ಅಕ್ಷರ ನುಂಗುತ್ತದೆ. ಸ್ವರಚಿಹ್ನೆ, ಅರ್ಧಾಕ್ಷರದ ಗುರುತುಗಳೂ ಎಣಿಕೆಗೆ ಬರುವುದರಿಂದ 22 ಚಿಹ್ನೆಗಳಾಚೆಗೆ ವಿಳಾಸ ತುಂಡಾಗುತ್ತದೆ.

ಸ್ಕೀಮಾ ಕೆಲಸ ಮುಗಿದಿದೆ. ವಿಡಿಯೋದ ಸ್ಕೀಮಾ ಆದ ವಿಡಿಯೋಆಬ್ಜೆಕ್ಟ್‌ನಲ್ಲಿ ಕಡ್ಡಾಯವಾದವು ಮೂರೇ: ಹೆಸರು, ಥಂಬ್‌ನೇಲ್ ವಿಳಾಸ, ಅಪ್‌ಲೋಡ್ ದಿನಾಂಕ. ದಿನಾಂಕದ ಜೊತೆ ಸಮಯ ಬರೆದು ಕೊನೆಗೆ ಭಾರತದ ಕಾಲವಲಯದ +05:30 ಸೇರಿಸಬೇಕು, ಇಲ್ಲದಿದ್ದರೆ ಪುಟಗಳನ್ನು ಓದುವ ಗೂಗಲ್‌ನ ತಂತ್ರಾಂಶ ಗೂಗಲ್‌ಬಾಟ್ ತನ್ನ ಕಾಲವಲಯವನ್ನೇ ಹಿಡಿಯುತ್ತದೆ. 4 ನಿಮಿಷ 35 ಸೆಕೆಂಡಿನ ಅವಧಿಯನ್ನು ಪಿಟಿ4ಎಂ35ಎಸ್ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕು. ಎಂಬೆಡ್ ವಿಳಾಸದ ಜಾಗಕ್ಕೆ ಯೂಟ್ಯೂಬ್‌ನ ಎಂಬೆಡ್ ಕೊಂಡಿ (ಪುಟದೊಳಗೆ ಪ್ಲೇಯರ್ ಕೂರಿಸುವುದು). ಕಂಟೆಂಟ್ ವಿಳಾಸ ಎಂದರೆ ನಿಜವಾದ ವಿಡಿಯೋ ಫೈಲ್. ಅದು ಕೈಯಲ್ಲಿಲ್ಲ ಎಂದು ಯೂಟ್ಯೂಬ್ ವೀಕ್ಷಣಾ ಕೊಂಡಿಯನ್ನು ಅಲ್ಲಿ ಹಾಕುವುದು ತಪ್ಪು, ಖಾಲಿ ಬಿಡುವುದೇ ಸರಿ. ಕೆಡುವುದು ಎರಡು ಕಡೆ. ವರ್ಡ್ ಅಥವಾ ವಾಟ್ಸಾಪ್ ಹಾದು ಬಂದ ಕೋಡ್‌ನಲ್ಲಿ ಉದ್ಧರಣ ಚಿಹ್ನೆಗಳು ಬಾಗಿರುತ್ತವೆ, ಇಡೀ ಜೆಸಾನ್ (ಸ್ಕೀಮಾ ಬರೆಯುವ ರೂಪ) ಓದಲಾಗದು. ಇನ್ನು ಲೇಖಕ ದರ್ಜೆಯ ಖಾತೆಯಿಂದ ಉಳಿಸಿದರೆ ವರ್ಡ್‌ಪ್ರೆಸ್ ಸ್ಕೀಮಾ ಇರುವ ಸ್ಕ್ರಿಪ್ಟ್ ಟ್ಯಾಗನ್ನು ಸದ್ದಿಲ್ಲದೆ ಕಿತ್ತುಹಾಕುತ್ತದೆ. ಸಂಪಾದಕ ದರ್ಜೆಯಾದರೂ ಬೇಕು.

ಥಂಬ್‌ನೇಲ್‌ಗೆ ಯೂಟ್ಯೂಬ್‌ನ ಮ್ಯಾಕ್ಸ್‌ರೆಸ್ (ಅತಿ ದೊಡ್ಡ ಗಾತ್ರದ) ಚಿತ್ರವನ್ನು ನೆಚ್ಚಬೇಡಿ. ಕೆಲವು ವಿಡಿಯೋಗಳಿಗೆ ಅದು ಇರುವುದೇ ಇಲ್ಲ. 'ಸಿಗಲಿಲ್ಲ' ಎಂಬ 404 ದೋಷದ ಜೊತೆ 120×90ರ ಬೂದು ಚಿತ್ರ ಬರುತ್ತದೆ. 480×360ರದು ಸಿಗುತ್ತದೆ, ಆದರೆ ಮೇಲೆ ಕೆಳಗೆ ಕಪ್ಪು ಪಟ್ಟಿ. ಸ್ವಂತ ಸರ್ವರ್‌ಗೆ 1280×720ರ ಜೆಪೆಗ್ ಏರಿಸಿ, ಆ ವಿಳಾಸ ಬದಲಾಗದಂತೆ ನೋಡಿಕೊಂಡು, ರೋಬೋಟ್ಸ್ ಫೈಲ್ (ಗೂಗಲ್‌ಬಾಟ್ ಎಲ್ಲಿಗೆ ಹೋಗಬಾರದೆಂದು ಹೇಳುವುದು) ಆ ಫೋಲ್ಡರನ್ನು ತಡೆದಿಲ್ಲವೆಂದು ಖಚಿತಪಡಿಸಿಕೊಂಡರೆ ಚಿಂತೆಯಿಲ್ಲ.

ಹೆಚ್ಚು ಸಮಯ ತಿಂದದ್ದು ಕ್ಲಿಪ್‌ಗಳು, ಅಂದರೆ ಸ್ಕೀಮಾದಲ್ಲಿ ಗುರುತಿಸುವ ವಿಡಿಯೋದ ಭಾಗಗಳು. 'ಹಿಟ್ಟಿಗೆ ಎಸರು ಹಾಕುವುದು', 'ನಾದುವುದು', 'ರೊಟ್ಟಿ ಬಡಿಯುವುದು', 'ಹಂಚಿನ ಮೇಲೆ ನೀರು ಸವರುವುದು' ಎಂದು ಪ್ರತಿ ಭಾಗಕ್ಕೂ ಹೆಸರು, ಶುರುವಾಗುವ ಸೆಕೆಂಡು, ಆ ಸೆಕೆಂಡಿಗೆ ಒಯ್ಯುವ ಕೊಂಡಿ ಬೇಕು. ವಿಡಿಯೋ 30 ಸೆಕೆಂಡಿಗಿಂತ ಚಿಕ್ಕದಿರಬಾರದು, ಎರಡು ಭಾಗ ಒಂದೇ ಕ್ಷಣದಲ್ಲಿ ಶುರುವಾಗಬಾರದು. ಬಹಳ ಜನ ಮರೆಯುವ ಸಂಗತಿ: ಪುಟದ ವಿಳಾಸದ ಬಾಲಕ್ಕೆ 95 ಸೆಕೆಂಡ್ ಎಂದು ಅಂಟಿಸಿದ ಮಾತ್ರಕ್ಕೆ ಒಳಗಿನ ಐಫ್ರೇಮ್ (ಯೂಟ್ಯೂಬ್ ಪ್ಲೇಯರ್ ಕೂತಿರುವ ಚೌಕಟ್ಟು) ಅಲ್ಲಿಗೆ ಜಿಗಿಯುವುದಿಲ್ಲ. ವಿಳಾಸದ ಸಂಖ್ಯೆಯನ್ನು ಓದಿ ಐಫ್ರೇಮ್‌ನ ಸ್ಟಾರ್ಟ್ ನಿಯತಾಂಕಕ್ಕೆ ದಾಟಿಸುವ ಪುಟ್ಟ ಸ್ಕ್ರಿಪ್ಟ್ ಬರೆಯಲೇಬೇಕು.

ಭಾರದ ವಿಷಯ. ಯೂಟ್ಯೂಬ್ ಐಫ್ರೇಮ್, ಯಾರೂ ಪ್ಲೇ ಒತ್ತದಿದ್ದರೂ, ನೂರಾರು ಕೆಬಿ ಜಾವಾಸ್ಕ್ರಿಪ್ಟ್ ಎಳೆದುಕೊಳ್ಳುತ್ತದೆ. ವೆಬ್ ಡೆವಲಪರ್ ಪೌಲ್ ಐರಿಷ್ ಅವರ ಲೈಟ್ ಯೂಟ್ಯೂಬ್ ಎಂಬೆಡ್ ಎಂಬ ಕೋಡ್ ಮೊದಲು ಚಿತ್ರ ಮಾತ್ರ ತೋರಿಸಿ, ಒತ್ತಿದ ಮೇಲೆ ಪ್ಲೇಯರ್ ತರುತ್ತದೆ. ಗೂಗಲ್‌ಬಾಟ್ ಎಂದೂ ಒತ್ತುವುದಿಲ್ಲ. ಆದ್ದರಿಂದ ಸಾರು, ಪಲ್ಯದ ಪುಟಗಳಿಗೆ ಇದು ಹೇಳಿಮಾಡಿಸಿದ್ದು. ವೀಕ್ಷಣಾ ಪುಟದಲ್ಲಿ ಇದನ್ನು ಬಳಸಿದರೆ ಪ್ಲೇಯರ್ ಕಾಣದೇ ಹೋಗಬಹುದು. ಅಲ್ಲಿ ನೇರ ಐಫ್ರೇಮ್, ಲೇಜಿ ಲೋಡಿಂಗ್ (ಕಣ್ಣಿಗೆ ಬೀಳುವವರೆಗೆ ತರದಿರುವುದು) ಇಲ್ಲದೆ. ಎರಡೂ ಕಡೆ ಸಿಎಸ್‌ಎಸ್‌ನಲ್ಲಿ (ಪುಟದ ವಿನ್ಯಾಸದ ಕೋಡ್) 16/9 ಅನುಪಾತ ಕಾಯ್ದಿಟ್ಟರೆ ಪುಟ ಕುಪ್ಪಳಿಸದೆ, ಆ ಕುಪ್ಪಳಿಕೆಯ ಅಳತೆಯಾದ ಸಿಎಲ್‌ಎಸ್ 0.1ರೊಳಗೆ ಉಳಿಯಲು ನೆರವಾಗುತ್ತದೆ.

ವಿಡಿಯೋದಲ್ಲಿ ಆಡಿದ ಮಾತಿನ ಪಠ್ಯ ಅರ್ಧಕ್ಕೆ ನಿಂತಿದೆ. ಐಫ್ರೇಮ್ ಒಳಗಿನ ಸಬ್‌ಟೈಟಲ್ ಪುಟದ ಪಠ್ಯವಾಗುವುದಿಲ್ಲ, ಹಾಗಾಗಿ ಪ್ಲೇಯರ್ ಕೆಳಗೆ ಅದನ್ನು ಬರೆದೇ ಹಾಕಬೇಕು. ಹಳೆಯ ಪಠ್ಯಗಳು ನುಡಿ ತಂತ್ರಾಂಶದ, ಯೂನಿಕೋಡ್ ಅಲ್ಲದ ಆಸ್ಕಿ ಫಾಂಟ್‌ನಲ್ಲಿವೆ: ಕಣ್ಣಿಗೆ ಕನ್ನಡ, ಫೈಲ್ ಒಳಗೆ ಅರ್ಥವಿಲ್ಲದ ಲ್ಯಾಟಿನ್ ಅಕ್ಷರ. ಯೂನಿಕೋಡ್‌ಗೆ ತಿರುಗಿಸಿ, ಒತ್ತಕ್ಷರ ಮತ್ತು ಅರ್ಕಾವತ್ತು ಜಾಗ ತಪ್ಪಿವೆಯೇ ಎಂದು ಓದಿ, ಸಬ್‌ಟೈಟಲ್ ಫೈಲನ್ನು ಯುಟಿಎಫ್-8 ಎಂಬ ಯೂನಿಕೋಡ್ ರೂಪದಲ್ಲಿ ಉಳಿಸಬೇಕು.

ಉಳಿದಿರುವುದು ವಿಡಿಯೋ ಸೈಟ್‌ಮ್ಯಾಪ್, ಅಂದರೆ ಯಾವ ಪುಟದಲ್ಲಿ ಯಾವ ವಿಡಿಯೋ ಇದೆಯೆಂದು ಗೂಗಲ್‌ಗೆ ಕೊಡುವ ಪಟ್ಟಿ. ಅದರ ಪ್ಲೇಯರ್ ವಿಳಾಸದ ಜಾಗದಲ್ಲಿ ಪುಟದ ವಿಳಾಸವನ್ನೇ ಮತ್ತೆ ಕೊಡುವಂತಿಲ್ಲ. ಅದಾದ ಮೇಲೆ ರೊಟ್ಟಿಯ ಪುಟವನ್ನು ಸರ್ಚ್ ಕನ್ಸೋಲ್‌ನ ಯುಆರ್‌ಎಲ್ (ವಿಳಾಸ) ತಪಾಸಣೆಗೆ ಹಾಕಿ, ವಿಡಿಯೋ ಪತ್ತೆಯಾದ ಬಳಿಕವೇ ಹೋಳಿಗೆ, ಶಾವಿಗೆಯ ಪುಟಗಳ ಸರದಿ.