78 ಲಕ್ಷ ಮತ್ತು ಸೈಕಲ್ ಟ್ಯೂಬ್

ಸಂಜೆ ಮಳೆ ಸ್ವಲ್ಪ ಬಿಟ್ಟಿತ್ತು. ಹಾಲು ತರಲು ಹೊರಟವನು ಪಕ್ಕದ ಮನೆಯ ಅಡಿಕೆ ಅಂಗಳದ ಹತ್ತಿರ ನಿಂತೇ ಬಿಟ್ಟೆ.

ಸೋಮವಾರಪೇಟೆಯಿಂದ ನೆಂಟರ ಹುಡುಗ ಬಂದಿದ್ದಾನೆ. ನಮ್ಮ ಹಾಕಿ ಆಟಗಾರ ಎಸ್.ವಿ. ಸುನಿಲ್ ಊರು! ಕೈಯಲ್ಲಿ ಹಳೇ ಹಾಕಿ ಸ್ಟಿಕ್, ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿದೆ. ತಂಗಿ ಬಿಟ್ಟ ಚೆಂಡು ಪಾಚಿ ಮೇಲೆ ಜಾರಿಕೊಂಡು ಬರುತ್ತೆ. ಇವನು ಸ್ಟಿಕ್ಕನ್ನು ನೆಲಕ್ಕೆ ಮಲಗಿಸುತ್ತಾನೆ. ಟಕ್ ಅನ್ನೋ ಸದ್ದೂ ಇಲ್ಲ. ಚೆಂಡು ಅಲ್ಲೇ ನಿದ್ದೆ ಹೋದ ಹಾಗೆ.

2024ರ ಹಾಕಿ ಇಂಡಿಯಾ ಲೀಗ್ ಆಟಗಾರರ ಹರಾಜಿನಲ್ಲಿ ಭಾರತ ತಂಡದ ಹರ್ಮನ್‌ಪ್ರೀತ್‌ಗೆ 78 ಲಕ್ಷ ಬಂತು. ಸರಿಯೇ. ಚೆಂಡನ್ನು ಸ್ಟಿಕ್ಕಿನಲ್ಲೇ ಎಳೆದು ಗೋಲಿಗೆ ಚಿಮ್ಮಿಸೋ ಡ್ರ್ಯಾಗ್ ಫ್ಲಿಕ್ ಅಂದರೆ ಗೋಲು, ಗೋಲಿಗೆ ದುಡ್ಡು. ಆದರೆ ಪೆನಾಲ್ಟಿ ಕಾರ್ನರ್‌ನಲ್ಲಿ ಗೋಲಿನ ಪಕ್ಕದಿಂದ ತಳ್ಳಿದ ಚೆಂಡನ್ನು ಸರ್ಕಲ್ ಗೆರೆಯಾಚೆ ಫ್ಲಿಕ್ ಮಾಡುವವನಿಗೆ ನಿಲ್ಲಿಸಿಕೊಡುವವನ ಹೆಸರು ಯಾರಿಗೆ ನೆನಪಿರುತ್ತೆ? ಅವನ ಕೈ ಒಂಚೂರು ತಪ್ಪಿದರೆ ಫ್ಲಿಕ್ಕೇ ಇಲ್ಲ, ಅಲ್ವಾ? ನಾನು ತಂಡ ಕಟ್ಟಿದರೆ ಮೊದಲು ಇಂಥ ಕೈ ಹುಡುಕುತ್ತಿದ್ದೆ. (ಕಟ್ಟೋದೆಲ್ಲಿ, ಆ ಹರಾಜಿನಲ್ಲಿ ಕರ್ನಾಟಕದ್ದು ಅಂತ ಒಂದು ತಂಡವೂ ಇರಲಿಲ್ಲ. ಆ ಸಿಟ್ಟು ಇನ್ನೂ ಇದೆ.)

"ಯಾರು ಕಲಿಸಿದ್ದೋ ಮಾರಾಯ?" ಅಂದೆ.

"ಯಾರೂ ಇಲ್ಲ ಮಾವ. ಚೆಂಡು ಚರಂಡಿಗೆ ಬಿದ್ರೆ ನಾನೇ ಇಳೀಬೇಕಲ್ವಾ?"

ಹಾಲಿನ ಅಂಗಡಿ ಅಷ್ಟರಲ್ಲಿ ಬಾಗಿಲು ಹಾಕಿತ್ತು.